‘ಬಳಸಿದ ವಸ್ತು’ ಎಂಬ ಚೀಟಿ ಅಂಟಿಸಿದ ಕಸ

ನೈಜೀರಿಯಾದ ಲಾಗೋಸ್ ಬಂದರುಗಳಲ್ಲಿ ಹಡಗಿನಿಂದಿಳಿಯುವ ಹಳೆಯ ಕಾರುಗಳು ಬರಿದಾಗಿರುವುದಿಲ್ಲ. ಯುರೋಪಿನ ಮನೆಗಳು ಹೊರಹಾಕಿದ ವಿದ್ಯುತ್ ಉಪಕರಣಗಳನ್ನು ಅವುಗಳ ಹೊಟ್ಟೆಯೊಳಗೆ ತುರುಕಿರುತ್ತಾರೆ. 2015 ಮತ್ತು 2016ರಲ್ಲಿ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು ಅಲ್ಲಿ ನಡೆಸಿದ ಅಧ್ಯಯನದಂತೆ ವರ್ಷಕ್ಕೆ ಸುಮಾರು 60,000 ಟನ್ ಬಳಸಿದ ಉಪಕರಣಗಳು ಬರುತ್ತಿದ್ದವು, ಅವುಗಳಲ್ಲಿ ಶೇ. 70ರಷ್ಟು ವಾಹನಗಳಲ್ಲಿ ತುಂಬಿ ಬಂದವು. ಸರಳ ಪರೀಕ್ಷೆಯಲ್ಲೇ ಕನಿಷ್ಠ ಶೇ. 19ರಷ್ಟು ಕೆಲಸ ಮಾಡಲಿಲ್ಲ.

ಈ ವ್ಯಾಪಾರವನ್ನು ಇಡಿಯಾಗಿ ದೂಷಿಸುವುದು ಅನ್ಯಾಯ. ಲಾಗೋಸಿನ ಅಲಾಬಾ ಮಾರುಕಟ್ಟೆಯ ಕುಶಲಕರ್ಮಿಗಳ ಕೈಯಲ್ಲಿ ಕೆಟ್ಟ ಆಂಪ್ಲಿಫೈಯರ್ ಮತ್ತೆ ಹಾಡುತ್ತದೆ. ಬಡವರ ಮನೆಗೆ ಕಡಿಮೆ ಬೆಲೆಗೆ ರೇಡಿಯೊ ಸಿಗುತ್ತದೆ. ರಿಪೇರಿಯೇ ಪರಿಸರ ರಕ್ಷಣೆಯ ಅತ್ಯಂತ ಹಳೆಯ ವಿದ್ಯೆ. ಆದರೆ ರಿಪೇರಿಗೂ ಒದಗದ ಪೆಟ್ಟಿಗೆ ಬಂದಾಗ ಟ್ರಾನ್ಸ್‌ಫಾರ್ಮರಿನ ಮತ್ತು ತಂತಿಗಳ ತಾಮ್ರಕ್ಕಾಗಿ ಬೆಂಕಿ ಹಚ್ಚಲಾಗುತ್ತದೆ. ತಂತಿಯ ಪಿವಿಸಿ ಹೊದಿಕೆ ಉರಿದಾಗ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ. ಹಳೆಯ ಬೆಸುಗೆಯ ಸೀಸ ಮಣ್ಣು ಸೇರುತ್ತದೆ. ಹೊಗೆ ಕುಡಿಯುವವರು ಆ ಪೆಟ್ಟಿಗೆಯ ಸಂಗೀತವನ್ನು ಎಂದೂ ಕೇಳಿದವರಲ್ಲ.

ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ನಿಯಂತ್ರಿಸಲು 1989ರಲ್ಲಿ ಬಾಸೆಲ್ ಒಡಂಬಡಿಕೆ ರೂಪುಗೊಂಡಿತು. (ಅಮೆರಿಕ ಸಂಯುಕ್ತ ಸಂಸ್ಥಾನ ಸಹಿ ಹಾಕಿಯೂ ಇಂದಿಗೂ ಅದನ್ನು ಅನುಮೋದಿಸಿಲ್ಲವೆಂಬುದು ಗಮನಾರ್ಹ.) 2025ರ ಜನವರಿ 1ರಿಂದ ಜಾರಿಯಾದ ತಿದ್ದುಪಡಿಯಂತೆ, ಅಪಾಯಕಾರಿಯಾಗಿರಲಿ ಇಲ್ಲದಿರಲಿ, ಯಾವುದೇ ಇ-ತ್ಯಾಜ್ಯವನ್ನು ಸಾಗಿಸುವ ಮುನ್ನ ಪಡೆಯುವ ದೇಶದ ಒಪ್ಪಿಗೆ ಬೇಕು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ಬಾಗಿಲೊಂದು ತೆರೆದೇ ಉಳಿದಿದೆ: ‘ಇದು ತ್ಯಾಜ್ಯವಲ್ಲ, ಬಳಸಿದ ಸರಕು’ ಎಂದು ಬರೆದರೆ ಒಡಂಬಡಿಕೆಯ ಕೈ ಅಲ್ಲಿಗೆ ಚಾಚುವುದಿಲ್ಲ. ರಿಪೇರಿಗೆಂದು ಕಳಿಸುವ ಕೆಟ್ಟ ಉಪಕರಣಗಳಿಗೂ ಅದರ ತಾಂತ್ರಿಕ ಮಾರ್ಗಸೂಚಿ ಕೆಲವು ಷರತ್ತುಗಳೊಡನೆ ದಾರಿ ಬಿಟ್ಟಿದೆ. ಆದ್ದರಿಂದ ಪ್ರಶ್ನೆಯೆಲ್ಲ ಹೊರಡುವ ಬಂದರಿನದು. ಪ್ಲಗ್ಗು ಚುಚ್ಚಿ, ಧ್ವನಿ ಕೇಳಿ, ಒಡೆಯದಂತೆ ಕಟ್ಟಿ, ಪರೀಕ್ಷಿಸಿದ ದಾಖಲೆಯೊಡನೆ ಕಳುಹಿಸಿದ್ದು ಸರಕು. ಕಾರಿನ ಸೀಟಿನ ಕೆಳಗೆ ತುರುಕಿದ್ದು ಕಸ. ಪರೀಕ್ಷೆಯ ವೆಚ್ಚ ಕಳುಹಿಸುವವನದೇ ಆಗಬೇಕು. ಲಾಗೋಸಿನ ಅಧಿಕಾರಿ ಒಂದೊಂದೇ ಪೆಟ್ಟಿಗೆ ಬಿಚ್ಚಿ ನೋಡಲೆಂದು ನಿರೀಕ್ಷಿಸುವುದು ಹೊಣೆಗಾರಿಕೆಯನ್ನು ತಲೆಕೆಳಗು ಮಾಡಿದಂತೆ.

ವಿಲೇವಾರಿಗಾಗಿ ಅಪಾಯಕಾರಿ ತ್ಯಾಜ್ಯ ತರುವುದನ್ನು ಭಾರತದ 2016ರ ನಿಯಮಗಳು ನಿಷೇಧಿಸಿವೆ. ದೇಶದೊಳಗಿನ ಕಸದ ಮಾತು ಬೇರೆ. ರೇಡಿಯೊ, ಆಂಪ್ಲಿಫೈಯರ್‌ಗಳ ತ್ಯಾಜ್ಯವನ್ನು ಮರುಸಂಸ್ಕರಿಸುವ ಹೊಣೆ ತಯಾರಕರ ಮೇಲೆ ಬಿದ್ದದ್ದು 2023ರ ಏಪ್ರಿಲ್ 1ರಂದು, ಹೊಸ ಇ-ತ್ಯಾಜ್ಯ ನಿಯಮ ಜಾರಿಗೆ ಬಂದ ಮೇಲೆಯೇ. ಮಲೆನಾಡಿನ ಊರುಗಳಲ್ಲಿ ದೇವಸ್ಥಾನದ ಹಳೆಯ ಮೈಕ್ ಸೆಟ್ಟನ್ನು, ಅಜ್ಜನ ಟೇಪ್ ರೆಕಾರ್ಡರನ್ನು ಇಂದಿಗೂ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಡುವುದೇ ರೂಢಿ. ತಯಾರಕರ ಸಂಗ್ರಹಣ ಕೇಂದ್ರ ತಾಲ್ಲೂಕಿನಲ್ಲಿ ಎಲ್ಲಿದೆಯೆಂದು ಗ್ರಾಮಸಭೆಯಲ್ಲಿ ಕೇಳುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು ಈ ವರ್ಷವೇ ಕೈಗೆತ್ತಿಕೊಳ್ಳಬಹುದು.