ನಡುದಾರಿಯಲ್ಲಿ ಕೈಬಿಟ್ಟ ನಾಯಕಿಯರು

ಜಪಾನಿನ ಹುಡುಗರ ಮಾಂಗಾ ಪತ್ರಿಕೆಗಳು ಸ್ತ್ರೀಪಾತ್ರಗಳಿಗೆ ಮಾಡುತ್ತ ಬಂದಿರುವ ಅನ್ಯಾಯಕ್ಕೆ ಇನ್ನು ಯಾವ ಸಬೂಬೂ ಸಲ್ಲದು. ಗಟ್ಟಿಗಿತ್ತಿಯರನ್ನು ಸೃಷ್ಟಿಸಲು ಈ ಕಥೆಗಾರರಿಗೆ ಚೆನ್ನಾಗಿಯೇ ಬರುತ್ತದೆ. ಸೃಷ್ಟಿಸಿದ ಮೇಲೆ ಕೈಬಿಡುತ್ತಾರೆ ಎಂಬುದೇ ನಮ್ಮ ಆಕ್ಷೇಪ.

2018ರಲ್ಲಿ ‘ವೀಕ್ಲಿ ಶೋನೆನ್ ಜಂಪ್’ನಲ್ಲಿ ಶುರುವಾದ ಗೆಗೆ ಅಕುತಾಮಿ ಅವರ ‘ಜುಜುತ್ಸು ಕೈಸೆನ್’ ನೋಡಿ. ಕಥೆಯ ಮೂವರು ಸಹಪಾಠಿಗಳಲ್ಲಿ ನೊಬಾರಾ ಒಬ್ಬಳು. ಸುತ್ತಿಗೆ, ಮೊಳೆ ಅವಳ ಆಯುಧ. ಅಲಂಕಾರ ಮಾಡಿಕೊಂಡ ತಾನೂ ತನಗಿಷ್ಟ, ಬಲಶಾಲಿಯಾದ ತಾನೂ ತನಗಿಷ್ಟ ಎಂದು ಎದುರಾಳಿಯ ಮುಖಕ್ಕೇ ಹೇಳುವ ಹುಡುಗಿ. ಅಂಥವಳು 2020ರಲ್ಲಿ ಶಿಬುಯಾ ಕಾಳಗದಲ್ಲಿ ಬಿದ್ದಳು. ಬದುಕಿದ್ದಾಳೋ ಇಲ್ಲವೋ ಎಂಬುದು ಓದುಗರಿಗೆ ತಿಳಿದದ್ದು 2024ರಲ್ಲಿ, ಕಥೆ ಮುಗಿಯಲು ಕೆಲವೇ ವಾರಗಳಿದ್ದಾಗ. ಪಾತ್ರವನ್ನು ಸಾಯಿಸುವುದು ತಪ್ಪಲ್ಲ. ಸಾಯಿಸಲೂ ಇಲ್ಲ, ಬದುಕಲೂ ಬಿಡಲಿಲ್ಲ, ಮೂಲೆಗೆ ತಳ್ಳಿದರು. ತಪ್ಪಿರುವುದು ಅಲ್ಲಿ.

ಇದು ಹೊಸ ಚಾಳಿಯೂ ಅಲ್ಲ. ಅದೇ ಪತ್ರಿಕೆಯಲ್ಲಿ 1999ರಿಂದ 2014ರವರೆಗೆ ಬಂದ ‘ನರುಟೊ’ದಲ್ಲಿ ಸಕುರಾ ವೈದ್ಯವಿದ್ಯೆ ಕಲಿತು, ಎದುರಾಳಿ ಸಸೋರಿಯನ್ನು ಮಣಿಸಿದ ಹೋರಾಟದಲ್ಲಿ ತನ್ನ ಕಸುವು ತೋರಿದಳು. ಆಮೇಲೆ ಅವಳ ಪಾಲಿಗೆ ಹೆಚ್ಚಾಗಿ ಉಳಿದದ್ದು ತಾನು ಪ್ರೀತಿಸಿದ ಸಾಸುಕೆಗಾಗಿ ಹಂಬಲಿಸುವ ಕೆಲಸ.

ಹುಡುಗರಿಗಾಗಿ ಬರೆದ ಕಥೆ ಹೀಗೇ ಇರುತ್ತದೆ ಎಂಬ ಸಮರ್ಥನೆ ನಿಲ್ಲದು. ಹಿರೋಮು ಅರಾಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ (2001–2010) ಬಂದದ್ದೂ ಹುಡುಗರ ಪತ್ರಿಕೆಯಲ್ಲೇ. ಅದರ ವಿನ್ರಿ ಕೃತಕ ಕೈಕಾಲು ತಯಾರಿಸುವ ಮೆಕ್ಯಾನಿಕ್. ಬೆಟ್ಟದ ಮನೆಯೊಂದರಲ್ಲಿ ಹೆರಿಗೆ ನೋವು ಶುರುವಾಗಿ, ವೈದ್ಯರು ಸಿಗದೆ, ಕಥಾನಾಯಕರಾದ ಅಣ್ಣತಮ್ಮಂದಿರು ದಿಕ್ಕೆಟ್ಟು ನಿಂತಾಗ, ವೈದ್ಯರಾಗಿದ್ದ ಅಪ್ಪಅಮ್ಮನ ಪುಸ್ತಕಗಳಲ್ಲಿ ಓದಿದ್ದನ್ನೇ ನೆಚ್ಚಿ ಮಗುವನ್ನು ಈ ಲೋಕಕ್ಕೆ ತರುವವಳು ಅವಳು. ಅವಳಿಗೂ ಪ್ರೇಮವಿದೆ, ಕಣ್ಣೀರಿದೆ. ಆದರೆ ಅವಳ ಕಸುಬನ್ನು ಕಥೆ ಒಂದು ದಿನವೂ ಮರೆಯುವುದಿಲ್ಲ.

ಅರಾಕಾವಾ ಮಹಿಳೆ ಎಂಬುದೇನೋ ನಿಜ. ಹಾಗೆಂದು ಲೇಖಕಿಯರು ಹೆಚ್ಚಿದರೆ ಎಲ್ಲ ಸರಿಹೋದೀತು ಎಂಬುದೂ ಪೂರ್ತಿ ನಿಜವಲ್ಲ. ಕೊರಿಯಾದ ವೆಬ್‌ಟೂನ್ ‘ಟ್ರೂ ಬ್ಯೂಟಿ’ ಮಹಿಳೆಯದೇ ಕೃತಿ. ಚೆಂದವಿಲ್ಲವೆಂದು ಸಹಪಾಠಿಗಳ ಹಿಂಸೆ ಉಂಡ ಹುಡುಗಿ ಮೇಕಪ್ ಕಲಿತು ಮುಖ ಮರೆಸಿಕೊಳ್ಳುವ ಕಥೆ. ಎತ್ತಿಕೊಂಡ ಪ್ರಶ್ನೆ ದೊಡ್ಡದು. ಇಬ್ಬರು ಹುಡುಗರಲ್ಲಿ ಅವಳಿಗೆ ಯಾರು ಎಂಬ ಕುತೂಹಲ ಅದನ್ನು ನುಂಗಿಹಾಕಿತು.

ಓದುಗರ ಅಭಿಪ್ರಾಯಪತ್ರಗಳನ್ನು ನೋಡಿ ಕಥೆಗಳ ಆಯುಷ್ಯ ನಿರ್ಧರಿಸುವ ಪದ್ಧತಿ ಜಂಪ್‌ನದು. ಹಾಗಾಗಿ ಹೊಣೆ ಕಥೆಗಾರ, ಸಂಪಾದಕರದ್ದಷ್ಟೇ ಅಲ್ಲ, ಓದುಗರದ್ದೂ ಹೌದು. ನಾಯಕಿಗೆ ತನ್ನದೇ ಗುರಿ, ತನ್ನದೇ ಸೋಲು, ಕೊನೆಯ ಕಂತಿನವರೆಗೂ ಮಾಡಲೊಂದು ಕೆಲಸ ಇರಬೇಕು. ಇಷ್ಟನ್ನೂ ಕೊಡದ ಕಥೆ ಎಷ್ಟೇ ಜನಪ್ರಿಯವಾಗಿರಲಿ, ಅದು ಅರೆಬರೆ ಕೃತಿ. ಅದಕ್ಕೆ ಮೆಚ್ಚುಗೆಯ ಮತ ಹಾಕುವುದನ್ನು ಓದುಗರು ನಿಲ್ಲಿಸಬೇಕು.