ದೊಡ್ಡಾಸ್ಪತ್ರೆಯನ್ನು ಪಾಲಿಗೆ ಹಾಕುತ್ತಾರಂತೆ, ಸೋಮವಾರ ಗೇಟಿನ ಹತ್ತಿರ ಬನ್ನಿ



ಈ ಹಾಳೆ ನಿಮ್ಮ ಕೈಗೆ ಬಂದಿದ್ದು ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಇರಬಹುದು. ಮಡಚಿ ಜೇಬಿಗೆ ಹಾಕುವ ಮುಂಚೆ ಒಂದು ಲೆಕ್ಕ ಮಾಡಿ. ನಿಮ್ಮ ಮನೆಯಲ್ಲಿ ಎಷ್ಟು ಜನ ಜಿಲ್ಲಾಸ್ಪತ್ರೆಯಲ್ಲಿ ಹುಟ್ಟಿದವರು? ಗದ್ದೆಯಲ್ಲಿ ಹಾವು ಕಚ್ಚಿದಾಗ, ಬೈಕಿನಿಂದ ಬಿದ್ದು ತಲೆ ಒಡೆದಾಗ, ಬೆಳೆಗೆ ಹೊಡೆಯುವ ಔಷಧಿಯನ್ನು ಯಾರೋ ಕುಡಿದುಬಿಟ್ಟಾಗ ರಾತ್ರಿ ಆಟೋದವನಿಗೆ ನೀವು ಹೇಳಿದ್ದು ಎರಡೇ ಮಾತು: "ದೊಡ್ಡಾಸ್ಪತ್ರೆಗೆ ನಡಿ." ಅಲ್ಲಿ ಬಾಗಿಲಲ್ಲಿ ನಿಲ್ಲಿಸಿ "ಅಡ್ವಾನ್ಸ್ ಎಷ್ಟು ಕಟ್ತೀರಿ" ಎಂದು ಯಾರೂ ಕೇಳಲಿಲ್ಲ.

ಈಗ ಆ ಆಸ್ಪತ್ರೆಯನ್ನು ಖಾಸಗಿ ಮೆಡಿಕಲ್ ಕಾಲೇಜಿನ ಜೊತೆ ಸೇರಿಸುವ ಮಾತು ಎದ್ದಿದೆ. ಇದಕ್ಕೆ ಪಿಪಿಪಿ ಅನ್ನುತ್ತಾರೆ, ಅಂದರೆ ಸರ್ಕಾರಿ-ಖಾಸಗಿ ಸಹಭಾಗಿತ್ವ. ಹೆಸರೇನೋ ಚೆಂದ. ಹೊಲ ನಮ್ಮದು, ಬಾವಿ ನಮ್ಮದು, ರಾಶಿ ಮಾತ್ರ ಅವರ ಕಣಜಕ್ಕೆ.

ಕಾಲೇಜು ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬೇಕೇ ಬೇಕು. ನಮ್ಮ ಕೇಳಿಕೆ ಇಷ್ಟೇ: ಅದು ಸರ್ಕಾರಿ ಕಾಲೇಜಾಗಿರಲಿ.

ದೆಹಲಿಯ ನೀತಿ ಆಯೋಗ 2020ರ ಜನವರಿಯಲ್ಲಿ ಇಂಥ ಒಪ್ಪಂದಕ್ಕೆ ಒಂದು ಮಾದರಿ ಕರಡು ಹೊರಡಿಸಿತು. ಜಿಲ್ಲಾಸ್ಪತ್ರೆಯನ್ನು ಖಾಸಗಿ ಕಾಲೇಜಿನವರು ನಡೆಸಬಹುದು, ಅವಧಿ 60 ವರ್ಷ. ಇವತ್ತು ಹೆರಿಗೆ ವಾರ್ಡಿನಲ್ಲಿ ಕಣ್ಣು ಬಿಟ್ಟ ಹೆಣ್ಣು ಕೂಸು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಿಡಿದು ನಿಲ್ಲುವ ಹೊತ್ತಿಗೆ ಆ ಕರಾರು ಮುಗಿಯುತ್ತದೆ! ಅದೇ ಕರಡಿನಲ್ಲಿ ಹಾಸಿಗೆಗಳೂ ಎರಡು ಪಂಗಡ. ಒಂದಷ್ಟು ಬಡವರಿಗೆ, ಉಳಿದವು ಮಾರುಕಟ್ಟೆ ದರಕ್ಕೆ. ಬಡವರೆಂದು ಒಪ್ಪಿಸಲು ಕಾಗದ ತೋರಿಸಬೇಕು.

ಕಾಗದ ಇಲ್ಲದವರು ಯಾರು, ಯೋಚಿಸಿ. ರೇಷನ್ ಕಾರ್ಡ್ ರದ್ದಾದವರು, ಬೇರೆ ಜಿಲ್ಲೆಯಿಂದ ಇಟ್ಟಿಗೆ ಭಟ್ಟಿಗೆ ಬಂದವರು, ಎಪಿಎಲ್ ಪಟ್ಟಿಗೆ ಸೇರಿದ ಗೂಡಂಗಡಿಯವರು. ಇವತ್ತು ಇವರೆಲ್ಲ ಓಪಿಡಿ ಚೀಟಿ ಮಾಡಿಸಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲು ಉದ್ದ ಇರಬಹುದು, ಬೈಸಿಕೊಳ್ಳಬೇಕಾಗಬಹುದು, ಆದರೂ ಅದು ಒಂದೇ ಸಾಲು.

"ಆಯುಷ್ಮಾನ್ ಕಾರ್ಡ್ ಇದೆಯಲ್ಲ, ಎಲ್ಲಿ ಬೇಕಾದರೂ ತೋರಿಸಿಕೊಳ್ಳಬಹುದು" ಎಂದು ಕೆಲವರು ಹೇಳುತ್ತಾರೆ. ಅದನ್ನೂ ಬಿಡಿಸಿ ನೋಡೋಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿ ಮಾಡಿದ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವಂತಿಲ್ಲ. ತುರ್ತು ಬಿಟ್ಟರೆ, ಖಾಸಗಿಗೆ ಹೋಗಲು ಮೊದಲು ಸರ್ಕಾರಿ ಆಸ್ಪತ್ರೆ "ಇಲ್ಲಿ ಆಗುವುದಿಲ್ಲ" ಎಂದು ರೆಫರ್ ಚೀಟಿ ಬರೆಯಬೇಕು. ಯೋಜನೆ ಒಳ್ಳೆಯದೇ, ಎಷ್ಟೋ ಹೃದಯ, ಎಷ್ಟೋ ಕಿಡ್ನಿ ಅದರಿಂದ ಉಳಿದಿವೆ. ಆದರೆ ಆ ಕಾರ್ಡ್ ನಿಂತಿರುವುದೇ ಸರ್ಕಾರಿ ಆಸ್ಪತ್ರೆಯ ಮೇಲೆ. ಜಿಲ್ಲಾಸ್ಪತ್ರೆಯೇ ಖಾಸಗಿಯವರ ಕೈಯಲ್ಲಿದ್ದರೆ ಆ ಚೀಟಿ ಬರೆಯುವವರು ಯಾರು, ಯಾರ ಲಾಭ ನೋಡಿ ಬರೆಯುತ್ತಾರೆ? ಇದನ್ನು ನಾವು ಕೇಳಿದಾಗಲೆಲ್ಲ ಸಾಹೇಬರು ಫೋನ್ ಬಂತು ಎಂದು ಎದ್ದುಹೋಗಿದ್ದಾರೆ.

ಇಂಥದ್ದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ರಾಯಚೂರಿನಲ್ಲಿ ಒಪೆಕ್ ನಿಧಿಯ ನೆರವಿನಿಂದ ಸರ್ಕಾರ ಕಟ್ಟಿಸಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ನಡೆಸಲು ಖಾಸಗಿ ಕಂಪನಿಗೆ ಕೊಡಲಾಗಿತ್ತು. ಸುಮಾರು ಹತ್ತು ವರ್ಷ ನಡೆದು 2012ರಲ್ಲಿ ಅದು ಸರ್ಕಾರದ ಕೈಗೆ ವಾಪಸು ಬಂತು. ಹತ್ತು ವರ್ಷಕ್ಕಾದರೂ ವಾಪಸು ಕೇಳಬಹುದಿತ್ತು. ಅರವತ್ತು ವರ್ಷಕ್ಕೆ ಬರೆದುಕೊಟ್ಟರೆ ಯಾರು ಬದುಕಿದ್ದು ಕೇಳುತ್ತಾರೆ? 2025ರಲ್ಲಿ ವಿಜಯಪುರದ ಜನ ಇಂಥ ಪಿಪಿಪಿ ಬೇಡವೆಂದು ತಿಂಗಳುಗಟ್ಟಲೆ ಧರಣಿ ಕೂತರು. ನಾವು ಒಂದು ಬೆಳಿಗ್ಗೆ ಬರಲಾರೆವೇ?

ದುಡ್ಡಿಲ್ಲ ಎನ್ನುತ್ತಾರೆ. ಗದಗ, ಕೊಪ್ಪಳ, ಚಾಮರಾಜನಗರ, ಕಾರವಾರಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಹಾವೇರಿಗೆ, ಯಾದಗಿರಿಗೆ, ಚಿಕ್ಕಮಗಳೂರಿಗೂ ಬಂತು. ಅಲ್ಲಿಗೆ ಸಿಕ್ಕ ದುಡ್ಡು ನಮ್ಮ ಸರದಿ ಬರುವಾಗ ಖಾಲಿಯಾಯಿತೇ? 2017ರ ರಾಷ್ಟ್ರೀಯ ಆರೋಗ್ಯ ನೀತಿ ಏನು ಬರೆದುಕೊಂಡಿತ್ತು ನೋಡಿ: ರಾಜ್ಯಗಳು 2020ರ ಹೊತ್ತಿಗೆ ತಮ್ಮ ಬಜೆಟ್ಟಿನ ನೂರಕ್ಕೆ 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಇಡಬೇಕು. ನಮ್ಮ ರಾಜ್ಯದ 2025-26ರ ಬಜೆಟ್ 4 ಲಕ್ಷದ 9 ಸಾವಿರ ಕೋಟಿ, ಅದರಲ್ಲಿ ಆರೋಗ್ಯಕ್ಕೆ 17,473 ಕೋಟಿ. ನೂರು ರೂಪಾಯಿಗೆ ನಾಲ್ಕೂಕಾಲು ರೂಪಾಯಿ. ಇಡಬೇಕಾದ್ದರಲ್ಲಿ ಅರ್ಧ ಇಟ್ಟು, ಆಸ್ಪತ್ರೆ ಸೊರಗಿದ ಮೇಲೆ "ನಮ್ಮ ಕೈಲಾಗದು, ಅವರು ನೋಡಿಕೊಳ್ಳಲಿ" ಎಂದರೆ ಹೇಗೆ?

ಸೊರಗಿರುವುದು ಸುಳ್ಳಲ್ಲ, ಮುಚ್ಚಿಡುವುದೂ ಬೇಡ. ಶೌಚಾಲಯದಲ್ಲಿ ನೀರಿಲ್ಲದ ದಿನಗಳಿವೆ. ಸ್ಕ್ಯಾನಿಂಗ್ ಮಷಿನ್ ಕೆಟ್ಟಿದೆ ಎಂಬ ಹಾಳೆ ಹಳದಿಯಾಗುವವರೆಗೂ ಅಂಟಿಕೊಂಡಿರುತ್ತದೆ. "ಈ ಮಾತ್ರೆ ಹೊರಗೆ ತಗೊಳ್ಳಿ" ಎಂಬ ಚೀಟಿ ನಮ್ಮೆಲ್ಲರ ಮನೆಯಲ್ಲೂ ಇದೆ. ಗಂಡುಮಗು ಆಯಿತೆಂದು ಸಂತೋಷಕ್ಕೆ ಕೈ ಚಾಚುವವರು ಇದ್ದಾರೆ, ಹೆಣ್ಣಾದರೂ ಬಿಡುವುದಿಲ್ಲ (ಸಮಾನತೆ ಅಂದರೆ ಇದೇ ಇರಬೇಕು). 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು. ಆ ಸಾವುಗಳಿಗೆ ಇಡೀ ರಾಜ್ಯವೇ ಸರ್ಕಾರದ ಕೊರಳಪಟ್ಟಿ ಹಿಡಿದು ಉತ್ತರ ಕೇಳಿತು. ಸರ್ಕಾರಿ ಆಸ್ಪತ್ರೆಯಾದ್ದರಿಂದ ಕೇಳಲು ಒಬ್ಬ ಮಂತ್ರಿ ಇದ್ದರು, ಒಂದು ವಿಧಾನಸೌಧ ಇತ್ತು. ಮನೆ ಸೋರುತ್ತದೆಂದು ಹೆಂಚು ಬದಲಿಸುತ್ತೇವೆ, ಮನೆಪತ್ರವನ್ನೇ ಪಕ್ಕದವರಿಗೆ ಬರೆದುಕೊಡುತ್ತೇವೆಯೇ?

ಬರುವ ಸೋಮವಾರ ಬೆಳಿಗ್ಗೆ 10 ಗಂಟೆಗೆ ಜಿಲ್ಲಾಸ್ಪತ್ರೆಯ ಹಳೇ ಗೇಟಿನ ಹತ್ತಿರ ಸೇರೋಣ. ಅಲ್ಲಿಂದ ಡಿ.ಸಿ. ಕಚೇರಿಗೆ ನಡಿಗೆ. ಆಂಬ್ಯುಲೆನ್ಸ್ ಬರುವ ದಾರಿಗೆ ಯಾರೂ ಅಡ್ಡ ನಿಲ್ಲಬಾರದು. ವಾರ್ಡಿನ ಕಿಟಕಿ ಕೆಳಗೆ ಘೋಷಣೆ ಬೇಡ, ಒಳಗೆ ಮಲಗಿರುವವರು ನಮ್ಮವರೇ. ಡಾಕ್ಟರು, ನರ್ಸಮ್ಮಂದಿರು, ಆಶಾ ಕಾರ್ಯಕರ್ತೆಯರ ಮೇಲೆ ಒಂದು ಕೆಟ್ಟ ಮಾತೂ ಬೇಡ. ಖಾಲಿ ಹುದ್ದೆಗಳ ಹೊರೆಯನ್ನು ಬೆನ್ನ ಮೇಲೆ ಹೊತ್ತವರು ಅವರು.

ಬರುವಾಗ ನಿಮ್ಮ ಹಳೇ ಓಪಿಡಿ ಚೀಟಿ, ಡಿಸ್ಚಾರ್ಜ್ ಕಾರ್ಡ್, ತಾಯಿ ಕಾರ್ಡಿನ ಜೆರಾಕ್ಸ್ ತನ್ನಿ. ಅಸಲು ತರಬೇಡಿ, ಕಳೆದುಹೋದೀತು. ಈ ಆಸ್ಪತ್ರೆಯಿಂದ ಬದುಕಿದವರು ಎಷ್ಟು ಜನ ಎಂದು ಭಾಷಣ ಮಾಡುವ ಬದಲು ಆ ಜೆರಾಕ್ಸ್‌ಗಳ ಕಟ್ಟನ್ನೇ ಡಿ.ಸಿ. ಸಾಹೇಬರ ಮೇಜಿನ ಮೇಲೆ ಇಡುತ್ತೇವೆ.

ಸೋಮವಾರ ಕೂಲಿ ಬಿಟ್ಟು ಬರಲಾಗದವರು ನಿಮ್ಮೂರ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು "ಜಿಲ್ಲಾಸ್ಪತ್ರೆ ಸರ್ಕಾರದ ಕೈಯಲ್ಲೇ ಉಳಿಯಲಿ" ಎಂದು ಠರಾವು ಬರೆಸಿ. ಪಿಡಿಒ ಸಹಿ, ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಓದು ಬರಹ ಬಲ್ಲ ಹುಡುಗರು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಗಳ ನಡಾವಳಿ, ಪಿಪಿಪಿ ಕುರಿತ ಪತ್ರವ್ಯವಹಾರದ ನಕಲು ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಅರ್ಜಿ ಬರೆಯಲು ಬಾರದಿದ್ದರೆ ಸೋಮವಾರ ಗೇಟಿನ ಹತ್ತಿರ ಹುಣಸೆಮರದ ಕೆಳಗೆ ಮೇಜು ಹಾಕಿರುತ್ತೇವೆ, ಬರೆದುಕೊಡುತ್ತೇವೆ.

ಊಟಕ್ಕೆ ಚಿತ್ರಾನ್ನ ಇದೆ. ನೀರಿನ ಬಾಟಲಿ ನೀವೇ ತನ್ನಿ.

ಇಂತಿ,
ಇದೇ ಆಸ್ಪತ್ರೆಯಲ್ಲಿ ಹುಟ್ಟಿದವರು, ಹೆತ್ತವರು, ಹೊಲಿಗೆ ಹಾಕಿಸಿಕೊಂಡವರು

(ಓದಿದ ಮೇಲೆ ಬಿಸಾಡಬೇಡಿ, ಪಕ್ಕದ ಸೀಟಿನವರಿಗೆ ಕೊಡಿ.)