ತಿರುಗಬೇಕಾದ ಬಳೆ ತಿರುಗಲಿ

ಬೆಲೆಬಾಳುವ ವಸ್ತುವನ್ನು ಕಪಾಟಿನಲ್ಲಿಟ್ಟು ಕಾಪಾಡುವುದು ನಮ್ಮ ಮಧ್ಯಮವರ್ಗದ ಹಳೆಯ ರೂಢಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿಯೂ ನಿವೃತ್ತಿಯ ಹಣದಲ್ಲಿ ಕೊಂಡ ಅಥವಾ ಕೊಲ್ಲಿ ನಾಡಿನಿಂದ ಮಗ ತಂದುಕೊಟ್ಟ ಒಂದು ಸ್ವಿಸ್ ಕೈಗಡಿಯಾರ ಹೀಗೆ ಕಪಾಟು ಸೇರಿರುವುದುಂಟು. ಮದುವೆ ಮುಂಜಿಗೆಂದು ಅದನ್ನು ಹೊರತೆಗೆದಾಗ ಗಾಜಿನ ಸುತ್ತಲಿನ ಅಂಕಿಗಳ ಬಳೆ, ಅಂದರೆ ವಾಚಿನವರು ಬೆಜೆಲ್ ಎನ್ನುವ ಭಾಗ, ಒಂದಿಷ್ಟೂ ಅಲುಗದೆ ಕಚ್ಚಿಕೊಂಡಿರುತ್ತದೆ. ಆಗ ಕೆಲವರು ಚಾಕುವಿನ ತುದಿಯಿಂದ ಮೀಟಲು ಹೊರಡುತ್ತಾರೆ. ಇನ್ನು ಕೆಲವರು ‘ಗಂಟೆ ಸರಿಯಾಗಿ ತೋರಿಸುತ್ತಿದೆಯಲ್ಲ, ಸಾಕು’ ಎಂದು ಮತ್ತೆ ಒಳಗಿಡುತ್ತಾರೆ. ಎರಡೂ ಸಲ್ಲದು ಎಂಬುದು ನಮ್ಮ ಅಭಿಪ್ರಾಯ. ಕಚ್ಚಿದ ಬಳೆ ಬಹುಪಾಲು ಕೆಟ್ಟ ಬಳೆಯಲ್ಲ, ಕೊಳೆಯಾದ ಬಳೆ. ಅದನ್ನು ಬಿಡಿಸಲು ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ತಾಳ್ಮೆ.

ಈ ಬಳೆ ಅಲಂಕಾರಕ್ಕೆ ಹುಟ್ಟಿದ್ದಲ್ಲ. 1953ರ ಸುಮಾರಿಗೆ ಬ್ಲಾಂಪ್ಯಾನ್ ಮತ್ತು ರೋಲೆಕ್ಸ್ ಕಂಪನಿಗಳು ಮುಳುಗುಗಾರರಿಗಾಗಿ ಇಂಥ ಗಡಿಯಾರಗಳನ್ನು ರೂಪಿಸಿದವು. ನೀರಿಗಿಳಿಯುವಾಗ ಬಳೆಯ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಸರಿಹೊಂದಿಸಿದರೆ, ಕಳೆದ ನಿಮಿಷಗಳನ್ನು ಒಂದೇ ನೋಟದಲ್ಲಿ ಓದಬಹುದು. ಇಂದಿನ ಮುಳುಗು ಗಡಿಯಾರಗಳಲ್ಲಿ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ. ಅನೇಕ ಮಾದರಿಗಳಲ್ಲಿ ಒಂದು ಸುತ್ತಿಗೆ 120 ‘ಟಿಕ್’ಗಳು. ಎಡಕ್ಕೆ ಮಾತ್ರ ಏಕೆ? ಎಲ್ಲಿಗಾದರೂ ತಾಗಿ ಬಳೆ ಅಲುಗಿದರೂ ಕಳೆದ ಸಮಯ ಹೆಚ್ಚೆಂದೇ ತೋರಬೇಕು, ಉಸಿರು ಇನ್ನೂ ಉಳಿದಿದೆ ಎಂಬ ಭ್ರಮೆ ಮುಳುಗಿದವನಿಗೆ ಹುಟ್ಟಬಾರದು. ನಾವು ಕಡಲಿಗಿಳಿಯುವವರಲ್ಲ, ನಿಜ. ಆದರೆ ಒಲೆಯ ಮೇಲಿನ ಬೇಳೆಗೋ, ಠಾಣೆಯಿಂದ ದಾದರಿಗೆ ಹಿಡಿದ ಹೊತ್ತಿಗೋ ಲೆಕ್ಕ ಇಡಲು ಅದಕ್ಕಿಂತ ಸರಳವಾದ ಸಾಧನ ಇನ್ನೊಂದಿಲ್ಲ.

ದುರಸ್ತಿಗೆ ಕೈಹಾಕುವ ಮೊದಲು ತಿಳಿಯಬೇಕಾದದ್ದು, ನಮ್ಮ ಗಡಿಯಾರದ ಬಳೆ ತಿರುಗಲೆಂದೇ ಮಾಡಿದ್ದೋ ಅಲ್ಲವೋ ಎಂಬುದು. ರೋಲೆಕ್ಸ್ ಡೇಟ್‌ಜಸ್ಟಿನ ಗೆರೆಗೆರೆಯ ಬಳೆ ಸ್ಥಿರವಾದದ್ದು. ಬಳೆಯನ್ನು ಕವಚಕ್ಕೆ ತಿರುಪಿನಂತೆ ಬಿಗಿಯಲು ಹಿಂದೆ ಮೂಡಿಸುತ್ತಿದ್ದ ಗೆರೆಗಳು ಈಗ ಶೋಭೆಗಾಗಿ ಉಳಿದಿವೆ. ಒಮೆಗಾ ಸ್ಪೀಡ್‌ಮಾಸ್ಟರಿನ ವೇಗದ ಅಂಕಿಗಳ ಬಳೆಯೂ ತಿರುಗುವುದಿಲ್ಲ. ರೋಲೆಕ್ಸಿನ ಸ್ಕೈ-ಡ್ವೆಲರ್ ಮಾದರಿಯಲ್ಲಿ ಬಳೆಗೆ ಒಳಗಿನ ಯಂತ್ರದೊಡನೆಯೇ ನಂಟಿದೆ. ಇವುಗಳ ಮೇಲೆ ಬಲಪ್ರಯೋಗ ಮಾಡುವುದೆಂದರೆ ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದಂತೆ.

ತಿರುಗಬೇಕಾದ ಬಳೆ ಏಕೆ ನಿಲ್ಲುತ್ತದೆ? ಅದರ ಅಡಿಯಲ್ಲಿ ಒಂದು ತೆಳುವಾದ ಸ್ಪ್ರಿಂಗು, ಹಲ್ಲುಗಳು, ಹಲವು ಮಾದರಿಗಳಲ್ಲಿ ರಬ್ಬರಿನ ಉಂಗುರವೂ ಇರುತ್ತವೆ. ಕೂದಲೆಳೆಯಷ್ಟು ಸಂದಿನಲ್ಲಿ ಬೆವರಿನ ಉಪ್ಪು, ಚರ್ಮದ ಜಿಡ್ಡು, ಸೋಪಿನ ಪಸೆ, ಧೂಳು ಸೇರುತ್ತವೆ. ಖಾಡಿಯ ಗಾಳಿ, ನಾಲ್ಕು ತಿಂಗಳ ಮಳೆಯ ತೇವ, ಲೋಕಲ್ ಗಾಡಿಯ ಸೆಖೆ ಇವೆಲ್ಲ ಇರುವ ನಮ್ಮ ಊರುಗಳಲ್ಲಿ ಇದಕ್ಕೆ ಹೆಚ್ಚು ದಿನ ಬೇಡ. ಬಳಸುತ್ತಿದ್ದರೆ ಬಳೆ ತಿರುಗುತ್ತ ಕೊಳೆಯನ್ನು ಸಡಿಲಿಸುತ್ತಿರುತ್ತದೆ. ಒರೆಸದೆ ಕಪಾಟಿನಲ್ಲಿಟ್ಟರೆ ಅದೇ ಕೊಳೆ ಒಣಗಿ ಗಾರೆಯಂತೆ ಕೂರುತ್ತದೆ. ಜೋಪಾನವೆಂದು ನಾವು ಮಾಡಿದ್ದೇ ಮುಳುವಾಗುತ್ತದೆ.

ಪರಿಹಾರ ಅಡುಗೆಮನೆಯಲ್ಲೇ ಇದೆ. ಚರ್ಮದ ಪಟ್ಟಿಯಿದ್ದರೆ ಕಳಚಬೇಕು. ಕೀ ಕೊಡುವ ಗುಂಡಿಯನ್ನು ಪೂರ್ತಿ ಒಳಗೆ ಒತ್ತಿ, ತಿರುಪಿನದಾಗಿದ್ದರೆ ಬಿಗಿಯಬೇಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ, ಹದಿನೈದಿಪ್ಪತ್ತು ನಿಮಿಷ ನೆನೆಸಿಡಬೇಕು. ಬಳಿಕ ಮಕ್ಕಳ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿನುದ್ದಕ್ಕೂ ಉಜ್ಜಿ, ಹಲ್ಲಿನ ಸಂದಿಗೆ ಬಳಸುವ ದಾರವನ್ನು ಬಳೆಯ ಅಡಿಯಲ್ಲಿ ಎಳೆದಾಡಿಸಬಹುದು. ರಬ್ಬರಿನ ಕೈಗವಸು ಹಾಕಿಕೊಂಡು ಎರಡೂ ಬದಿಯಲ್ಲಿ ಹಿಡಿದು, ಎಡಕ್ಕೆ ಮೆಲ್ಲನೆ ಒತ್ತಿದರೆ ಒಂದು ಟಿಕ್ ಬರುತ್ತದೆ. ಒಂದು ಬಂದರೆ ಉಳಿದವೂ ಬರುತ್ತವೆ. ಒಮ್ಮೆಗೆ ಬರದಿದ್ದರೆ ಮರುದಿನ ಮತ್ತೆ ನೆನೆಸಿದರಾಯಿತು. ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು. ಹಳೆಯದಾದ, ವರ್ಷಗಟ್ಟಲೆ ಬಿಚ್ಚಿಸಿ ಪರೀಕ್ಷಿಸದ ಗಡಿಯಾರವನ್ನು ಮಾತ್ರ ಮುಳುಗಿಸಬಾರದು. ಅದರ ರಬ್ಬರು ಸತ್ತಿರಬಹುದು. ಅದಕ್ಕೆ ಒದ್ದೆ ಬ್ರಷ್ಷೇ ಸಾಕು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಎಣ್ಣೆ ಇನ್ನಷ್ಟು ಧೂಳನ್ನು ಹಿಡಿಯುತ್ತದೆ, ಸೀಮೆಎಣ್ಣೆ ರಬ್ಬರನ್ನು ಕೆಡಿಸುತ್ತದೆ. ಚಾಕುವಿನಿಂದ ಮೀಟಿದರೆ ಕವಚಕ್ಕೆ ಗೀರು ಬೀಳುವುದು ಖಚಿತ. ಸೆರಾಮಿಕ್ ಬಳೆಯಾದರೆ ಸೀಳಲೂಬಹುದು.

ಇಷ್ಟಕ್ಕೂ ಅಲುಗದಿದ್ದರೆ ಸ್ಪ್ರಿಂಗು ಬಾಗಿದೆ ಅಥವಾ ತುಕ್ಕು ಹಿಡಿದಿದೆ ಎಂದರ್ಥ. ಆಗ ಬಲ್ಲವರ ಕೈಯೇ ಬೇಕು. ನಮ್ಮ ಮುಖ್ಯ ಮಾತು ಇರುವುದು ಇಲ್ಲಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟ ಹಿಡಿದು ಕೂರುವ ವಾಚ್ ರಿಪೇರಿಯವರನ್ನು ನಮ್ಮ ಸ್ಟೇಷನ್ ರಸ್ತೆಗಳಲ್ಲಿ ಸೆಲ್ ಬದಲಿಸುವುದಕ್ಕಷ್ಟೇ ನಾವು ನೆನೆಯುತ್ತೇವೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಮೊದಲಾಗಿ, ಬಳಿಕ ತುಮಕೂರಿಗೂ ಹಬ್ಬಿದ ಎಚ್‌ಎಂಟಿಯ ವಾಚುಗಳನ್ನು ಯಾವ ಊರಿನ ರಿಪೇರಿಯವರಾದರೂ ಬಿಚ್ಚಿ ಜೋಡಿಸಬಲ್ಲವರಾಗಿದ್ದರು. 2016ರಲ್ಲಿ ಕೇಂದ್ರ ಸರಕಾರ ಆ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿತು. ಆ ಕೈಗಳ ಕೆಲಸವೂ ಸೊರಗಿತು. ಹಲವು ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ಹೊರಗಿನ ಕಸುಬುದಾರರಿಗೆ ಮಾರುವುದಿಲ್ಲ. ಹಾಗಾಗಿ ಬಳೆಯ ಸಣ್ಣ ಸ್ಪ್ರಿಂಗಿಗೂ ಕಂಪನಿಯ ಸೇವಾಕೇಂದ್ರವೇ ಗತಿ. 2022ರ ಡಿಸೆಂಬರಿನಲ್ಲಿ ನಮ್ಮ ಸರಕಾರ ಆರಂಭಿಸಿದ ದುರಸ್ತಿಯ ಹಕ್ಕಿನ ಪೋರ್ಟಲ್ಲು ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಕರಣ, ವಾಹನ ಎಂಬ ನಾಲ್ಕು ಕ್ಷೇತ್ರಗಳಿಗಾಗಿ ಮೊದಲಾಯಿತು. ಕೈಗಡಿಯಾರದ ಹೆಸರೂ ಅಲ್ಲಿ ಸೇರಬೇಕು.

ವಾರಂಟಿ ಇರುವಷ್ಟು ಕಾಲ ಕಂಪನಿಯ ಬಾಗಿಲಿಗೇ ಹೋಗುವುದು ಸರಿ. ಅದು ಮುಗಿದ ಮೇಲೆ, ಬಳೆಯಂಥ ಹೊರಗಿನ ಕೆಲಸಕ್ಕಾದರೂ ನಮ್ಮೂರಿನ ನುರಿತ ಕಸುಬುದಾರರನ್ನು ಹುಡುಕಿ, ಎದುರಿಗೇ ಕೂತು ಮಾಡಿಸಿಕೊಂಡು, ಚೌಕಾಸಿ ಮಾಡದೆ ಕೂಲಿ ಕೊಡೋಣ. ಗಡಿಯಾರವನ್ನು ಕಟ್ಟಿಕೊಂಡು ಓಡಾಡೋಣ; ವಾರಕ್ಕೊಮ್ಮೆ ಒರೆಸಿ ಬಳೆಯನ್ನು ಒಂದು ಸುತ್ತು ತಿರುಗಿಸೋಣ. ಮಕ್ಕಳಿಗೆ ಕೊಟ್ಟುಹೋಗುವ ವಸ್ತು ಅವರ ಕೈಗೆ ಸೇರುವಾಗ ತಿರುಗುವ ಸ್ಥಿತಿಯಲ್ಲಿರಬೇಕಲ್ಲವೆ?